ಅಡ್ಮಿರಲ್‌ಗೆ ಮೂರು ಕುರ್ಚಿ, ನಾವಿಕನಿಗೆ ಎಟಿಎಂ ಬಾಗಿಲ ಸ್ಟೂಲು

ಸಿಂದಗಿಯಿಂದ ಇಂಡಿ ಕಡೆಗೆ ಹೋಗುವ ರಸ್ತೆಯಲ್ಲಿ ಬೆಳಗಿನ ಐದೂವರೆಗೆ ಬೈಕ್ ಓಡಿಸಿ ನೋಡಿ. ಕತ್ತಲಲ್ಲೇ ಓಡುವ ಹುಡುಗರು ಸಿಗ್ತಾರೆ. ಒಬ್ಬನ ಕೈಯಲ್ಲಿ ಮೊಬೈಲು, ಅದರಲ್ಲಿ ಸ್ಟಾಪ್‌ವಾಚ್. 1,600 ಮೀಟರ್ ಎಷ್ಟು ನಿಮಿಷಕ್ಕೆ ಮುಗೀತು ಅನ್ನೋದೇ ಅವರ ದಿನದ ಮೊದಲ ಲೆಕ್ಕ. ಕಳೆದ ಸಲ ಊರಿಗೆ ಹೋದಾಗ ಒಬ್ಬನನ್ನು ನಿಲ್ಲಿಸಿ ಕೇಳಿದೆ.

"ಯಾವುದಕ್ಕ ತಯಾರಿ ನಡದೈತಿ?"

"ಅಗ್ನಿವೀರ್ ರೀ ಸರ್. ಆರ್ಮಿ ಇಲ್ಲಾಂದ್ರ ನೇವಿ."

"ನಾಕ್ ವರ್ಷ ಆದಮ್ಯಾಲ?"

ಹುಡುಗ ನಕ್ಕ. "ಆವಾಗ ನೋಡೂಣ ತಗೋರಿ."

ಈ "ಆವಾಗ ನೋಡೂಣ" ಬಗ್ಗೆಯೇ ಇವತ್ತಿನ ಮಾತು. ಸಮವಸ್ತ್ರ ಕಳಚಿದ ಮೇಲೆ ಬರುವ ಎರಡನೇ ಬದುಕನ್ನು ನಮ್ಮ ದೇಶ ಯಾರಿಗೆ ಕಟ್ಟಿಕೊಡುತ್ತದೆ, ಯಾರಿಗೆ ಕೊಡುವುದಿಲ್ಲ? ನೌಕಾಪಡೆಯ ಚರಿತ್ರೆಯಲ್ಲಿ ಇದಕ್ಕೆ ಒಂದು ಒಳ್ಳೆಯ ಉತ್ತರ ಇದೆ. ಆ ಉತ್ತರ ಅರ್ಧಕ್ಕೇ ನಿಂತಿದೆ ಅನ್ನೋದು ತಕರಾರು.

ರಾಮ್ ದಾಸ್ ಕಟಾರಿ ಎಂಬ ಹೆಸರು ನಮ್ಮ ಕಡೆ ಹೆಚ್ಚು ಜನಕ್ಕೆ ಗೊತ್ತಿಲ್ಲ. ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1911ರಲ್ಲಿ ಹುಟ್ಟಿದವರು. 1927ರಲ್ಲಿ ಡಫರಿನ್ ತರಬೇತಿ ಹಡಗು ಶುರುವಾದಾಗ ಅದರ ಮೊದಲ ತಂಡದ ಕೆಡೆಟ್. ಯುದ್ಧಕಾಲದಲ್ಲಿ ನೌಕಾಪಡೆ ಸೇರಿ, 1958ರ ಏಪ್ರಿಲ್ 22ರಂದು ಅದರ ಮುಖ್ಯಸ್ಥರಾದರು. ಸ್ವಾತಂತ್ರ್ಯ ಬಂದು ಹತ್ತು ವರ್ಷ ಕಳೆದಿದ್ದರೂ ಅಲ್ಲಿಯವರೆಗೆ ಆ ಕುರ್ಚಿಯಲ್ಲಿ ಬ್ರಿಟಿಷರೇ ಕೂತಿದ್ದರು. ಅದರಲ್ಲಿ ಕೂತ ಮೊದಲ ಭಾರತೀಯ ಕಟಾರಿ.

ಅವರ ಅವಧಿಯ ದೊಡ್ಡ ಘಟನೆ ಗೋವಾ ವಿಮೋಚನೆ. ವಿಜಯಪುರದವರಿಗೆ ಇದರಲ್ಲೊಂದು ಹಳೇ ಬಾಕಿ ಇದೆ. 1510ರಲ್ಲಿ ಪೋರ್ಚುಗೀಸರು ಗೋವಾ ಕಿತ್ತುಕೊಂಡದ್ದು ಬಿಜಾಪುರದ ಆದಿಲ್‌ಶಾಹಿಗಳ ಕೈಯಿಂದಲೇ. 1961ರ ಡಿಸೆಂಬರ್‌ನಲ್ಲಿ ಅದು ವಾಪಸ್ ಬಂದಾಗ ಕಾರವಾರದ ಎದುರಿನ ಅಂಜುದೀವ್ ದ್ವೀಪ ಹಿಡಿಯಲು ಹೋದ ಹಡಗುಗಳಲ್ಲಿ ಒಂದರ ಹೆಸರು ಐಎನ್‌ಎಸ್ ಮೈಸೂರು. ಆ ದ್ವೀಪದಲ್ಲಿ ನಮ್ಮ ಏಳು ನಾವಿಕರು ಜೀವ ಬಿಟ್ಟರು.

1962ರಲ್ಲಿ ಕಟಾರಿ ನಿವೃತ್ತರಾದರು. ಆಮೇಲೆ ಏನಾದರು? ಬರ್ಮಾಕ್ಕೆ ಭಾರತದ ರಾಯಭಾರಿಯಾದರು. ಅದು ಸುಖದ ಹುದ್ದೆ ಅಲ್ಲ. ನೆ ವಿನ್ ಸೇನಾ ಸರ್ಕಾರ ಅಂಗಡಿಗಳನ್ನೆಲ್ಲ ರಾಷ್ಟ್ರೀಕರಣ ಮಾಡಿ, ತಲೆಮಾರುಗಳಿಂದ ಅಲ್ಲಿದ್ದ ಲಕ್ಷಾಂತರ ಭಾರತೀಯರು ಬರಿಗೈಯಲ್ಲಿ ಹಡಗು ಹತ್ತುತ್ತಿದ್ದ ಕಾಲ. ಇಷ್ಟಕ್ಕೇ ಮುಗಿಯಲಿಲ್ಲ, ಆಂಧ್ರಪ್ರದೇಶದ ರಾಜ್ಯ ರಸ್ತೆ ಸಾರಿಗೆ ನಿಗಮಕ್ಕೂ ಅವರು ಅಧ್ಯಕ್ಷರಾಗಿದ್ದರು. ಯುದ್ಧನೌಕೆ, ರಾಯಭಾರ ಕಚೇರಿ, ಬಸ್ ಡಿಪೊ. ಒಬ್ಬನೇ ಮನುಷ್ಯ, ಮೂರು ಕುರ್ಚಿ.

ಕಟಾರಿ ಒಬ್ಬರೇ ಅಲ್ಲ. 1971ರಲ್ಲಿ ನೌಕಾಪಡೆಯ ಮುಖ್ಯಸ್ಥರಾಗಿದ್ದ ಎಸ್.ಎಂ. ನಂದಾ ನಿವೃತ್ತಿಯ ನಂತರ ಶಿಪ್ಪಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾ ನಡೆಸಿದರು. 1982ರಿಂದ 1984ರವರೆಗೆ ಮುಖ್ಯಸ್ಥರಾಗಿದ್ದ ಆಸ್ಕರ್ ಸ್ಟಾನ್ಲಿ ಡಾಸನ್ ನ್ಯೂಜಿಲೆಂಡ್‌ಗೆ ಹೈಕಮಿಷನರ್ ಆಗಿ ಹೋದರು. ಅದೇ ಹೊತ್ತಿಗೆ ನ್ಯೂಜಿಲೆಂಡ್ ದೆಹಲಿಗೆ ಕಳಿಸಿದ್ದು ಎವರೆಸ್ಟ್ ಹತ್ತಿದ ಎಡ್ಮಂಡ್ ಹಿಲರಿಯನ್ನು! ಡಾಸನ್ ಕೊನೆಯ ದಿನಗಳನ್ನು ಕಳೆದದ್ದು ಬೆಂಗಳೂರಿನಲ್ಲಿ, 2011ರಲ್ಲಿ ತೀರಿಕೊಂಡದ್ದೂ ಅಲ್ಲೇ. ಕಾರವಾರದಲ್ಲೊಂದು ನೌಕಾನೆಲೆ ಬೇಕು ಎಂಬ ಆಲೋಚನೆ ಅವರದೇ. 1986ರಲ್ಲಿ ಅಡಿಗಲ್ಲು ಬಿದ್ದು, 2005ರಲ್ಲಿ ಐಎನ್‌ಎಸ್ ಕದಂಬ ಉದ್ಘಾಟನೆ ಆಯ್ತು. ನೌಕಾಪಡೆಗಿಂತ ಮೊದಲೇ ಭೂಸೇನೆ ಈ ದಾರಿ ಹಾಕಿಕೊಟ್ಟಿತ್ತು. ನಮ್ಮ ಕೊಡಗಿನ ಕಾರ್ಯಪ್ಪನವರು ನಿವೃತ್ತರಾದ ಕೂಡಲೇ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗೆ ಹೈಕಮಿಷನರ್ ಆಗಿ ಹೋಗಿದ್ದರು.

ಇಂಥ ನೇಮಕಗಳ ಬಗ್ಗೆ ಆಕ್ಷೇಪ ಇದೆ, ಇರಲೇಬೇಕು. ಮುಂದೆ ಸಿಗಬಹುದಾದ ಹುದ್ದೆಯ ಆಸೆ ಇವತ್ತಿನ ಸಲಹೆಯ ಬೆನ್ನುಮೂಳೆ ಮುರಿಯಬಹುದು. ಅದಕ್ಕೇ ಹಿರಿಯ ಅಧಿಕಾರಿಗಳು ನಿವೃತ್ತಿಯಾದ ಒಂದು ವರ್ಷದೊಳಗೆ ಖಾಸಗಿ ಕೆಲಸ ಹಿಡಿಯಬೇಕಾದರೆ ಸರ್ಕಾರದ ಅನುಮತಿ ಬೇಕು ಎಂಬ ನಿಯಮ ಇದೆ. ಆದರೆ ಈ ಲೇಖನದ ಪ್ರಶ್ನೆ ಅದಲ್ಲ. ಕಟಾರಿಯವರನ್ನು ಸಾರಿಗೆ ನಿಗಮಕ್ಕೆ ಕೂರಿಸುವಾಗ "ನಿಮಗೆ ಬಸ್ಸಿನ ಅನುಭವದ ಸರ್ಟಿಫಿಕೇಟ್ ಎಲ್ಲಿ?" ಅಂತ ಯಾರೂ ಕೇಳಿರಲಿಕ್ಕಿಲ್ಲ. ಸಾವಿರಾರು ಜನ, ಎಂಜಿನ್, ಇಂಧನ, ವೇಳಾಪಟ್ಟಿ, ಶಿಸ್ತು ಇವನ್ನೆಲ್ಲ ಸಮುದ್ರದಲ್ಲಿ ಸಂಭಾಳಿಸಿದವನು ನೆಲದ ಮೇಲೂ ಸಂಭಾಳಿಸ್ತಾನೆ ಅಂತ ಸರ್ಕಾರ ನಂಬಿತು. ಅದು ಸರಿಯಾದ ನಂಬಿಕೆ. ಸಮಸ್ಯೆ ಏನಂದ್ರೆ, ಅದು ಹೆಗಲ ಮೇಲಿನ ಪಟ್ಟಿ ನೋಡಿ ಹುಟ್ಟುವ ನಂಬಿಕೆ.

ಮುದ್ದೇಬಿಹಾಳ ಕಡೆಯ ನಮ್ಮ ಸಂಬಂಧಿಕರೊಬ್ಬರಿದ್ದಾರೆ, ನಾನು ಕಾಕಾ ಅಂತೀನಿ. 15 ವರ್ಷ ನೌಕಾಪಡೆಯಲ್ಲಿದ್ದರು, ಬಹುಪಾಲು ಎಂಜಿನ್ ರೂಮಿನಲ್ಲಿ. ಹೊರಗೆ ಬಂದಾಗ ವಯಸ್ಸು 35 ದಾಟಿರಲಿಲ್ಲ. ಪುಣೆಯ ಒಂದು ಕಾರ್ಖಾನೆಗೆ ಮೆಂಟೆನನ್ಸ್ ಕೆಲಸ ಕೇಳಿಕೊಂಡು ಹೋದರು. ಐಟಿಐ ಸರ್ಟಿಫಿಕೇಟ್ ಇಲ್ಲ ಅಂತ ವಾಪಸ್ ಕಳಿಸಿದರು. ಕೊನೆಗೆ ಸಿಕ್ಕಿದ್ದು ಒಂದು ಎಟಿಎಂ ಬಾಗಿಲಲ್ಲಿ ಸ್ಟೂಲು, ನೀಲಿ ಅಂಗಿ, ರಾತ್ರಿ ಪಾಳಿ.

"ನಡು ಸಮುದ್ರದಾಗ ಜನರೇಟರ್ ಕೆಟ್ರ ಗ್ಯಾರೇಜಿಗೆ ಒಯ್ಯಾಕ ಬರ್ತೈತೇನೋ ತಮ್ಮಾ? ನಾವ ಬಿಚ್ಚಬೇಕು, ನಾವ ಕೂಡಸಬೇಕು. ಇಲ್ಲಿ ಬಂದ್ರ ಕಾಗದ ಕೇಳ್ತಾರ," ಅಂದರು ಕಾಕಾ.

ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ನಾಲ್ಕು ವರ್ಷದಲ್ಲಿ ಓಡುತ್ತಿರುವ ಬಾಯ್ಲರ್ ಕಂಡಿದ್ದು ಒಂದೇ ಸಲ, ಅದೂ ಇಂಡಸ್ಟ್ರಿಯಲ್ ವಿಸಿಟ್‌ನಲ್ಲಿ, ದೂರದಿಂದ. ಆದರೆ ನನ್ನ ಹತ್ತಿರ ಕಾಗದ ಇತ್ತು. ಕ್ಯಾಂಪಸ್ಸಿನಲ್ಲೇ ಕೆಲಸ ಸಿಕ್ಕಿತು. ಕಾಕಾ ಬಳಿ ಇದ್ದದ್ದು ಕೈಗುಣ.

ನಿಯಮಗಳು ಇಲ್ಲ ಅಂತಲ್ಲ. ಕೇಂದ್ರದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 10, ಕೇಂದ್ರೋದ್ಯಮಗಳ ಅದೇ ದರ್ಜೆಯಲ್ಲಿ ಶೇ 14.5 ಮಾಜಿ ಸೈನಿಕರಿಗೆ ಮೀಸಲು. ಭರ್ತಿ ಆಗುವುದು ಅದಕ್ಕಿಂತ ಬಹಳ ಕಮ್ಮಿ ಅನ್ನೋದು ಸಂಸತ್ತಿನಲ್ಲೇ ಚರ್ಚೆಯಾದ ಸಂಗತಿ. ಇನ್ನೊಂದು ನಿಯಮ ನೋಡಿ. ಎಸ್ಸೆಸ್ಸೆಲ್ಸಿ ಪಾಸಾಗಿ 15 ವರ್ಷ ಸೇವೆ ಮುಗಿಸಿದವರನ್ನು ಪದವೀಧರರಿಗೆ ಸಮ ಅಂತ ಪರಿಗಣಿಸಬಹುದು. ಆದರೆ ತಾಂತ್ರಿಕ ಅನುಭವ ಕಡ್ಡಾಯವಾದ ಹುದ್ದೆಗಳಿಗೆ ಇದು ನಡೆಯುವುದಿಲ್ಲ. ಅಂದರೆ 15 ವರ್ಷ ಟರ್ಬೈನ್ ನೋಡಿಕೊಂಡವನು ಈ ನಿಯಮದ ಬಲದಲ್ಲಿ ಗುಮಾಸ್ತನಾಗಬಹುದು, ಟರ್ಬೈನ್ ಕೆಲಸಕ್ಕೆ ಅದು ಪ್ರಯೋಜನಕ್ಕೆ ಬಾರದು!

ಈಗ ನಮ್ಮ ಜಿಲ್ಲೆಯನ್ನೇ ನೋಡೋಣ. ಸಮುದ್ರ ಇಲ್ಲ, ಸರಿ. ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವ್ಯಾಟ್ ಸ್ಥಾವರ ಇದೆ. ಅಲ್ಲಿ ತಿರುಗುವುದು ಉಗಿಯ ಟರ್ಬೈನೇ. ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್ ಜಲವಿದ್ಯುತ್ ಘಟಕ ಇದೆ. ಮುಳವಾಡ, ಚಿಮ್ಮಲಗಿ ಏತ ನೀರಾವರಿಯ ದೊಡ್ಡ ದೊಡ್ಡ ಪಂಪುಗಳು ಕೃಷ್ಣೆಯ ನೀರನ್ನು ಮೇಲೆತ್ತುತ್ತವೆ. ಅವು ನಿಂತರೆ ಕಾಲುವೆ ಕೊನೆಯ ರೈತನ ತೊಗರಿ, ನಿಂಬೆ ಒಣಗುತ್ತವೆ. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಡಿಪೊಗಳಿವೆ, ವರ್ಕ್‌ಶಾಪ್‌ಗಳಿವೆ. ಪಂಪು, ವಾಲ್ವು, ಸ್ವಿಚ್‌ಬೋರ್ಡ್, ಡೀಸೆಲ್ ಎಂಜಿನ್: ಹಡಗಿನ ಹೊಟ್ಟೆಯಲ್ಲಿರುವುದೂ ಇವೇ. ಅಡ್ಮಿರಲ್ ಒಬ್ಬರು ಸಾರಿಗೆ ನಿಗಮದ ಅಧ್ಯಕ್ಷರಾಗಬಹುದಾದರೆ, ಅವರ ಹಡಗಿನ ಮೆಕ್ಯಾನಿಕ್ ಅದೇ ನಿಗಮದ ಡಿಪೊದಲ್ಲಿ ಯಾಕೆ ಮೆಕ್ಯಾನಿಕ್ ಆಗಬಾರದು?

ಇದು ಹಳಬರ ಕಥೆ ಮಾತ್ರ ಆಗಿದ್ದರೆ ಇಷ್ಟು ಅವಸರ ಇರಲಿಲ್ಲ. 2022ರ ಜೂನ್‌ನಲ್ಲಿ ಅಗ್ನಿಪಥ ಬಂತು. ನಾಲ್ಕು ವರ್ಷ ಸೇವೆ, ಶೇ 25ರವರೆಗೆ ಜನ ಮುಂದುವರಿಕೆ, ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ. ಪಿಂಚಣಿ ಇಲ್ಲ, ಮಾಜಿ ಸೈನಿಕರ ದರ್ಜೆಯೂ ಇಲ್ಲ. ನೌಕಾಪಡೆಯ ಮೊದಲ ತಂಡ 2022ರ ನವೆಂಬರ್‌ನಲ್ಲಿ ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ ತರಬೇತಿಗೆ ಸೇರಿತು. ಸುಮಾರು 2,600 ಜನ, ಅವರಲ್ಲಿ 270ಕ್ಕೂ ಹೆಚ್ಚು ಯುವತಿಯರು. ಅವರ ನಾಲ್ಕು ವರ್ಷ 2026ರ ಕೊನೆಗೆ ತುಂಬುತ್ತದೆ. ಕಾಕಾ 15 ವರ್ಷದ ಅನುಭವ ಮತ್ತು ಪಿಂಚಣಿ ಹಿಡಿದು ಬಂದು ಸ್ಟೂಲ್ ಮೇಲೆ ಕೂತರು. ಇಪ್ಪತ್ತೆರಡು, ಇಪ್ಪತ್ಮೂರಕ್ಕೆ ಪಿಂಚಣಿಯೂ ಇಲ್ಲದೆ ಬರುವ ಹುಡುಗ ಎಲ್ಲಿ ಕೂರಬೇಕು?

ಕೇಂದ್ರ ಏನೂ ಯೋಚಿಸಿಲ್ಲ ಅಂದರೆ ತಪ್ಪಾಗುತ್ತದೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಶೇ 10 ಮೀಸಲು ಅಂತ 2022ರಲ್ಲೇ ಹೇಳಿತು. ನೌಕಾಪಡೆಯ ಅಗ್ನಿವೀರರು ವ್ಯಾಪಾರಿ ಹಡಗುಗಳಿಗೆ ಹೋಗಲು ಬಂದರು ಸಚಿವಾಲಯ ಆರು ದಾರಿಗಳನ್ನು ಪ್ರಕಟಿಸಿತು. ಎರಡನೆಯದು ನಿಜಕ್ಕೂ ಒಳ್ಳೆಯ ಯೋಚನೆ, ಹಡಗಿನ ಅನುಭವವನ್ನು ಹಡಗಿನ ಸರ್ಟಿಫಿಕೇಟ್ ಆಗಿ ಬದಲಿಸುವುದು. ಆದರೆ ಊರಲ್ಲಿ ಅಪ್ಪ ಅಮ್ಮ, ನಾಲ್ಕೆಕರೆ ಹೊಲ ಇರುವ ಇಂಡಿಯ ಹುಡುಗ ಮತ್ತೆ ಸಮುದ್ರಕ್ಕೇ ಹೋಗಬೇಕೇ? ನೆಲದ ಮೇಲಿನ ಕೆಲಸಕ್ಕೂ ಇಂಥದೇ ಸೇತುವೆ ಬೇಕು.

ಅದು ರಾಜ್ಯ ಸರ್ಕಾರದ ಕೈಯಲ್ಲಿದೆ. ನೌಕಾಪಡೆಯ ಒಂದೊಂದು ಟ್ರೇಡ್‌ಗೂ ಸರಿಸಮನಾದ ಐಟಿಐ ಟ್ರೇಡ್ ಯಾವುದು ಅಂತ ಒಂದು ಪಟ್ಟಿ ಮಾಡಲಿ. ಬೇಕಿದ್ದರೆ ಮೂರು ತಿಂಗಳ ಪೂರಕ ತರಬೇತಿ ಮತ್ತು ಪರೀಕ್ಷೆ ಇಡಲಿ, ಜಿಲ್ಲೆಯ ಐಟಿಐಗಳಲ್ಲೇ. ಪಾಸಾದವರು ಸಾರಿಗೆ ನಿಗಮ, ಕೃಷ್ಣಾ ಭಾಗ್ಯ ಜಲ ನಿಗಮ, ವಿದ್ಯುತ್ ನಿಗಮಗಳ ತಾಂತ್ರಿಕ ಹುದ್ದೆಗೆ ಅರ್ಜಿ ಹಾಕಲು ಅರ್ಹರು ಅಂತ ನೇಮಕಾತಿ ನಿಯಮದಲ್ಲೇ ಬರೆಯಲಿ. ಇದು ಕೆಲಸ ಪುಕ್ಕಟೆ ಕೊಡಿ ಎಂಬ ಬೇಡಿಕೆ ಅಲ್ಲ. ಐಟಿಐ ಓದಿದ ಊರಿನ ಹುಡುಗರ ಜೊತೆ ಸ್ಪರ್ಧೆಗೆ ಇಳಿಯಲು ಬಾಗಿಲು ತೆಗೆಯಿರಿ ಅಂತ ಅಷ್ಟೆ.

ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆ ಇದೆ. ಅಲ್ಲಿ ಸೀಟು ಸಿಕ್ಕ ಕೆಲವರು ಎನ್‌ಡಿಎ ದಾರಿ ಹಿಡಿದು ಅಧಿಕಾರಿಗಳಾಗುತ್ತಾರೆ. ಅವರಲ್ಲೊಬ್ಬರು ಮುಂದೆ ಕಟಾರಿಯವರಂತೆ ಮೂರು ಕುರ್ಚಿ ಕಂಡರೆ ನಮಗೆಲ್ಲ ಹೆಮ್ಮೆಯೇ. ಆದರೆ ನಾನು ಕಂಡ ಹುಡುಗ ಆ ಶಾಲೆಯವನಲ್ಲ, ಸಿಂದಗಿ ರಸ್ತೆಯ ಡಾಂಬರಿನ ಮೇಲೆ ಓಡುತ್ತಿದ್ದವನು. ಅವನಿಗೆ ಮೂರು ಕುರ್ಚಿ ಬೇಡ. "ಆವಾಗ ನೋಡೂಣ" ಅಂತ ಅವನು ನಗಬಹುದು, ಅವನಿಗೆ ಹತ್ತೊಂಬತ್ತು ವರ್ಷ. ಸರ್ಕಾರಕ್ಕೆ ಹಾಗೆ ಹೇಳುವ ವಯಸ್ಸಲ್ಲ.