ಬ್ರೇಕ್ ಇಲ್ಲದ ಬೈಕುಗಳ ಪರವಾಗಿ ನಾಲ್ಕು ಮಾತು



ಪೋಲೆಂಡಿನ ವ್ರೊತ್ಸ್ವಾಫ್ ನಗರದಲ್ಲಿ ಮಗಳ ಮನೆಯಲ್ಲಿದ್ದಾಗ ಸ್ಪೀಡ್‌ವೇ ಎಂಬ ಬೈಕ್ ಪಂದ್ಯವನ್ನು ನೋಡಿ ಮೆಚ್ಚಿದೆನೆಂದು ಹೇಳಿದ್ದೇ ತಪ್ಪಾಯಿತು. "ಸೈಕಲ್ಲಿಗೆ ಬ್ರೇಕ್ ಸರಿಯಿಲ್ಲವೆಂದು ನಮ್ಮನ್ನು ಶಾಲೆಯ ಗೇಟಿನಲ್ಲೇ ನಿಲ್ಲಿಸುತ್ತಿದ್ದವರು ನೀವೇ ಅಲ್ಲವೇ ಸಾರ್?" ಎಂದು ಹಳೆಯ ಶಿಷ್ಯನೊಬ್ಬ ಕೇಳಿದ. ನಮ್ಮ ಅಕ್ಕ ಇನ್ನೂ ಮುಂದೆ ಹೋಗಿ, "ಗಾಣದ ಎತ್ತಿನ ಹಾಗೆ ಸುತ್ತುವುದನ್ನು ನೋಡುವುದಕ್ಕೆ ದುಡ್ಡು ಬೇರೆ ಕೊಟ್ಟೆಯೇನೋ?" ಎಂದಳು. ಇಬ್ಬರಿಗೂ ಇಲ್ಲಿಯೇ ಉತ್ತರ ಕೊಡುತ್ತೇನೆ.

ಮೊದಲು ಅಕ್ಕನಿಗೆ. ಮಣ್ಣಿನ ಅಂಡಾಕಾರದ ಹಾದಿಯಲ್ಲಿ ನಾಲ್ವರು ಸವಾರರು ನಾಲ್ಕು ಸುತ್ತು ಓಡುತ್ತಾರೆ, ತಿರುವುಗಳೆಲ್ಲ ಎಡಕ್ಕೇ, ಒಂದು ನಿಮಿಷದ ಆಸುಪಾಸಿನಲ್ಲಿ ಎಲ್ಲವೂ ಮುಗಿಯುತ್ತದೆ ಎಂಬುದು ನಿಜ. ಆದರೆ ಗಾಣದ ಎತ್ತಿಗೆ ಅಂಕಗಳಿಲ್ಲ. ಇಲ್ಲಿ ಮೊದಲಿಗನಿಗೆ 3, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ತಂಡಗಳ ಪಂದ್ಯದಲ್ಲಿ ಇಂತಹ 15 ಓಟಗಳು. ಪ್ರತಿ ಓಟದಲ್ಲೂ ಒಂದೊಂದು ತಂಡದಿಂದ ಇಬ್ಬರು. ಒಬ್ಬನು ಎಲ್ಲರಿಗಿಂತ ಮುಂದೆ ಬಂದು ಗೆದ್ದರೂ ಜೊತೆಗಾರ ಕಟ್ಟಕಡೆಗೆ ಉಳಿದರೆ ಲೆಕ್ಕ 3–3, ಸರಿಸಮ! ಆದ್ದರಿಂದ ಜಾಣ ಸವಾರನು ಮುನ್ನುಗ್ಗುತ್ತಲೇ ಹಿಂದಿರುವ ಗೆಳೆಯನಿಗೆ ದಾರಿ ಕಾಯುತ್ತಾನೆ. ನನ್ನ ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಪ್ರತಿ ಓಟದ ಅಂಕಗಳನ್ನೂ ಪೆನ್ಸಿಲಿನಲ್ಲಿ ಪಟ್ಟಿಗೆ ತುಂಬಿಸುತ್ತಿದ್ದರು. ನಮ್ಮ ಅಂಕವಹಿಗಳನ್ನು ಅಷ್ಟು ಶ್ರದ್ಧೆಯಿಂದ ನಾನೂ ತುಂಬಿದವನಲ್ಲ.

ಇನ್ನು ಬ್ರೇಕಿನ ವಿಚಾರ. 500 ಸಿಸಿಯ ಒಂದೇ ಸಿಲಿಂಡರ್, ಒಂದೇ ಗೇರು, ಮೆಥನಾಲ್ ಇಂಧನ. ಬ್ರೇಕ್ ಇಲ್ಲವೇ ಇಲ್ಲ. ಇದನ್ನು ಹುಚ್ಚೆನ್ನುವವರು ಒಂದು ತಿರುವನ್ನು ಗಮನವಿಟ್ಟು ನೋಡಬೇಕು. ಸವಾರನು ಹಿಂದಿನ ಚಕ್ರವನ್ನು ಬೇಕೆಂದೇ ಹೊರಕ್ಕೆ ಜಾರಿಸುತ್ತಾನೆ. ಬೈಕು ಎಡಕ್ಕೆ ತಿರುಗುತ್ತಿರುವಾಗ ಮುಂದಿನ ಚಕ್ರ ಬಲಕ್ಕೆ ಮುಖ ಮಾಡಿರುತ್ತದೆ. ಉಕ್ಕಿನ ಅಟ್ಟೆ ಕಟ್ಟಿದ ಎಡಗಾಲು ನೆಲವನ್ನು ಸವರುತ್ತಿರುತ್ತದೆ. ಆ ಜಾರಿಕೆಯೇ ವೇಗವನ್ನು ತಗ್ಗಿಸುತ್ತದೆ. ಘರ್ಷಣೆಯು ಅನಿವಾರ್ಯವಾದ ಅನಿಷ್ಟವೆಂದು ವರ್ಷವರ್ಷವೂ ನಿಮಗೆ ಬರೆಸಿದ ನಾನು, ಅದನ್ನು ಹೀಗೆ ಪಳಗಿಸಿದ್ದನ್ನು ಕಂಡದ್ದು ನಿವೃತ್ತನಾದ ಮೇಲೆ! ಮೊಳದಷ್ಟು ಅಂತರದಲ್ಲಿ ಹಿಂಬಾಲಿಸುವಾಗ ಮುಂದಿನವನು ಥಟ್ಟನೆ ಬ್ರೇಕ್ ಹಾಕಿದರೆ ಹಿಂದಿನವನ ಗತಿಯೇನು? ಯಾರಿಗೂ ಇಲ್ಲದಿರುವುದರಿಂದಲೇ ಒಬ್ಬರ ನಡೆಯನ್ನು ಇನ್ನೊಬ್ಬರು ಊಹಿಸಬಲ್ಲರು. ನಿನ್ನ ಸೈಕಲ್ಲಿನ ಮಾತು ಬೇರೆಯಪ್ಪ. ನಿನ್ನೆದುರು ಬಸ್ಸು ಬರುತ್ತಿತ್ತು.

ಅಪಾಯವನ್ನು ಮುಚ್ಚಿಡಲಾರೆ. ನಾನು ಪಂದ್ಯ ನೋಡಿದ ಆ ವ್ರೊತ್ಸ್ವಾಫ್ ನಗರದಲ್ಲಿಯೇ 2012ರಲ್ಲಿ ಲೀ ರಿಚರ್ಡ್‌ಸನ್ ಎಂಬ ಇಂಗ್ಲೆಂಡಿನ ಸವಾರ ಬಿದ್ದು ಮಡಿದರು. 2015ರಲ್ಲಿ ಆಸ್ಟ್ರೇಲಿಯಾದ ಡಾರ್ಸಿ ವಾರ್ಡ್ ಪೋಲೆಂಡಿನ ಇನ್ನೊಂದು ಊರಿನಲ್ಲಿ ಬಿದ್ದು ನಡೆಯುವ ಶಕ್ತಿಯನ್ನೇ ಕಳೆದುಕೊಂಡರು. ತಿರುವಿನಲ್ಲಿ ಗಾಳಿ ತುಂಬಿದ ಬೇಲಿಯಿರಲಿ, ನಿಯಮಗಳು ಇನ್ನೂ ಬಿಗಿಯಾಗಲಿ ಎಂದರೆ ನಾನೂ ದನಿಗೂಡಿಸುತ್ತೇನೆ. ಆದರೆ ಗೇಲಿ ಮಾಡುವವರಿಗೆ ಸವಾರರ ಪ್ರಾಣದ ಚಿಂತೆ ಇದ್ದಂತೆ ನನಗೆ ತೋರುವುದಿಲ್ಲ.

ಈ ಗೇಲಿಯನ್ನು ನಾನು ಹಗುರವಾಗಿ ಬಿಡದಿರುವುದಕ್ಕೆ ಕಾರಣವಿದೆ. 'ಬರೀ ಸದ್ದು, ಬರೀ ಧೂಳು' ಎಂಬ ಮಾತು ಬೇರೂರಿದ ಕಡೆ ನೆಲ ಮಾರುವವರ ಕೆಲಸ ಸುಲಭ. ಬ್ರಿಟನ್ನನ್ನೇ ನೋಡಿ. 1928ರಲ್ಲಿ ಲಂಡನ್ನಿನ ಸಮೀಪದ ಹೈ ಬೀಚ್‌ನಲ್ಲಿ ಜನ ಕಿಕ್ಕಿರಿದು ನೋಡಿದ ಆಟವಿದು. 1936ರ ಮೊದಲ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ನಡೆದದ್ದು ವೆಂಬ್ಲಿಯಲ್ಲಿ. ಅದೇ ದೇಶದಲ್ಲಿ ಕವೆಂಟ್ರಿ ತಂಡದ ಬ್ರಾಂಡನ್ ಕ್ರೀಡಾಂಗಣದ ಓಟ 2016ರಲ್ಲಿ ನಿಂತಿತು. ಆ ನೆಲದಲ್ಲಿ ಮನೆ ಕಟ್ಟುವ ಯೋಜನೆ ಬಂತು. ವುಲ್ವರ್‌ಹ್ಯಾಂಪ್ಟನ್ನಿನ ಓಟ 2023ರಲ್ಲಿ ಮುಗಿಯಿತು. ಮೂರು ತಲೆಮಾರು ಒಂದೇ ಮೆಟ್ಟಿಲ ಮೇಲೆ ಕೂರುತ್ತಿದ್ದ ಕುಟುಂಬಗಳಿಗೆ 'ಬೇರೆ ಊರಿಗೆ ಹೋಗಿ ನೋಡಿ' ಎಂದರೆ ಆಯಿತೇ? ಪೋಲೆಂಡಿನಲ್ಲಿ ಯಾರೂ ಹಾಗೆ ಹೇಳುವ ಧೈರ್ಯ ಮಾಡಲಾರರು. ಅಲ್ಲಿಯ ಬಾರ್ತೋಷ್ ಝ್ಮಾರ್ಜ್ಲಿಕ್ 2025ರ ಹೊತ್ತಿಗೆ ಆರು ಬಾರಿ ವಿಶ್ವ ಚಾಂಪಿಯನ್ ಆದರು.

ಇಂಗ್ಲೆಂಡಿನಲ್ಲೂ ಎಲ್ಲವೂ ಮುಗಿದಿಲ್ಲ. ಆಕ್ಸ್‌ಫರ್ಡ್‌ನಲ್ಲಿ ವರ್ಷಗಟ್ಟಲೆ ಬೀಗ ಬಿದ್ದಿದ್ದ ಕ್ರೀಡಾಂಗಣದಲ್ಲಿ 2022ರಲ್ಲಿ ಮತ್ತೆ ಓಟ ಆರಂಭವಾಯಿತು. ಅಕ್ಕಾ, ಅಲ್ಲಿಗೆ ಹೋಗುವ ಸಂದರ್ಭ ಬಂದರೆ ನಿನ್ನ ಟಿಕೆಟ್ಟಿನ ದುಡ್ಡು ನನ್ನದು. ಪೆನ್ಸಿಲನ್ನು ಮಾತ್ರ ನೀನೇ ತರಬೇಕು.