ವಿಶ್ವವಿದ್ಯಾನಿಲಯದ ಬಾಗಿಲು ಯಾರಿಗೆ ತೆರೆದಿದೆ?

ಕಳೆದ ವಾರ ಹತ್ತಿ ಗಿರಣಿಯ ಹಿರಿಯ ಕಾರ್ಮಿಕರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಮಗಳು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ. ವಿಶ್ವವಿದ್ಯಾನಿಲಯವೊಂದರ ಪ್ರಯೋಗಶಾಲೆಯಲ್ಲಿ ಕೆಲಸ ಕೊಡಿಸುವುದಾಗಿ ದಲ್ಲಾಳಿಯೊಬ್ಬ ಎರಡು ಲಕ್ಷ ರೂಪಾಯಿ ಕೇಳಿದ್ದಾನೆ. ಭವಿಷ್ಯನಿಧಿಯ ಹಣ ತೆಗೆದು ಕೊಡಲೇ ಎಂಬುದು ಅವರ ಪ್ರಶ್ನೆ. ಒಂದು ಕಾಸೂ ಕೊಡಬೇಡಿ ಎಂದೆವು. ಅದೇ ಮಾತನ್ನು ಇಲ್ಲಿ ಎಲ್ಲ ಓದುಗರಿಗೂ ಹೇಳುತ್ತೇವೆ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯ. ಇಂಥ ಸಂಸ್ಥೆಗಳಿಗೆ ಸರ್ಕಾರ ಕೊಡುವ ಹಣ ಜನರ ತೆರಿಗೆಯ ಹಣ. ಸೋಪು, ಬೆಂಕಿಪೊಟ್ಟಣ ಕೊಳ್ಳುವ ಬಡವನೂ ಅದರಲ್ಲಿ ಪಾಲುದಾರ. ಸಾರ್ವಜನಿಕ ನೌಕರಿಯಲ್ಲಿ ಎಲ್ಲರಿಗೂ ಸಮಾನ ಅವಕಾಶ ಎನ್ನುತ್ತದೆ ಸಂವಿಧಾನದ 16ನೆಯ ವಿಧಿ. ಆದರೆ ದಾರಿ ಗೊತ್ತಿಲ್ಲದವನಿಗೆ ಬಾಗಿಲು ತೆರೆದಿದ್ದರೂ ಒಂದೇ, ಮುಚ್ಚಿದ್ದರೂ ಒಂದೇ. ಆ ಅಜ್ಞಾನವೇ ದಲ್ಲಾಳಿಯ ಬಂಡವಾಳ.

ದಾರಿಗಳು ಮೂರು. ಮೊದಲನೆಯದು ಸಂಶೋಧನೆ. ಯು.ಜಿ.ಸಿ. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಪಡೆದು ಪಿಎಚ್.ಡಿ.ಗೆ ಸೇರಿದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000 ರೂಪಾಯಿ ನಿಗದಿಯಾಗಿದೆ. ರಸಾಯನದಂಥ ವಿಜ್ಞಾನಗಳಿಗೆ ಸಿ.ಎಸ್.ಐ.ಆರ್. ಸೇರಿ ನಡೆಸುವ ಪ್ರತ್ಯೇಕ ನೆಟ್ ಇದೆ. ಎರಡನೆಯದು ಯೋಜನಾ ಸಹಾಯಕರ ಕೆಲಸ. ಪ್ರಾಧ್ಯಾಪಕರ ಸಂಶೋಧನಾ ಯೋಜನೆಗೆ ಹಣ ಬಂದಾಗ ಪ್ರಕಟಣೆ ಹೊರಡಿಸಿ ಸಂದರ್ಶನ ನಡೆಸುತ್ತಾರೆ. ಯೋಜನೆ ಮುಗಿದರೆ ಕೆಲಸವೂ ಮುಗಿಯಿತು. ಮೂರನೆಯದು ಗುಮಾಸ್ತ, ಗ್ರಂಥಾಲಯ ಸಹಾಯಕ, ಪ್ರಯೋಗಶಾಲೆಯ ಅಟೆಂಡರ್ ಮೊದಲಾದ ಕಾಯಂ ಹುದ್ದೆಗಳು. ಇವುಗಳಿಗೆ ಅಧಿಸೂಚನೆ ಬೇಕು, ಮೀಸಲಾತಿ ಪಾಲನೆಯಾಗಬೇಕು. ಈ ಮೂರರಲ್ಲಿ ಯಾವುದರಲ್ಲೂ ದಲ್ಲಾಳಿಗೆ ಜಾಗವಿಲ್ಲ.

ದಲ್ಲಾಳಿಗೆ ಜಾಗ ಸಿಗುವುದು ನಾಲ್ಕನೆಯ, ಕಳ್ಳ ದಾರಿಯಲ್ಲಿ. ಕಾಯಂ ಹುದ್ದೆಯನ್ನು ಖಾಲಿ ಬಿಟ್ಟು, ಅದೇ ಕೆಲಸವನ್ನು ಹೊರಗುತ್ತಿಗೆಯವನ ಮೂಲಕ ಮಾಡಿಸುವುದು. ಬದಲಿ ಕಾರ್ಮಿಕನ ಪಾಡು ಗಿರಣಿಯವರಿಗೆ ಹೇಳಬೇಕಾಗಿಲ್ಲ. ವರ್ಷಗಟ್ಟಲೆ ದುಡಿದರೂ ನಾಳೆಯ ಭರವಸೆಯಿಲ್ಲ. ನಮ್ಮ ರಾಜ್ಯದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ, ತಾತ್ಕಾಲಿಕ ನೌಕರರಿಗೆ ಕಾಯಮಾತಿ ಹಕ್ಕಲ್ಲವೆಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿತು. ಆ ತೀರ್ಪನ್ನೇ ಗುರಾಣಿ ಮಾಡಿಕೊಂಡು ನೌಕರರನ್ನು ಶೋಷಿಸಬಾರದೆಂದು 2024ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ ಎಚ್ಚರಿಸಿದೆ. ಸಮಾನ ಕೆಲಸಕ್ಕೆ ಸಮಾನ ವೇತನ ತಾತ್ಕಾಲಿಕ ನೌಕರರಿಗೂ ಸಲ್ಲಬೇಕೆಂದು 2016ರಲ್ಲೇ ಹೇಳಿದೆ. ತೀರ್ಪು ಕಾಗದದ ಮೇಲಿದೆ; ಅದನ್ನು ಸಂಬಳದ ಚೀಟಿಗೆ ಇಳಿಸುವುದು ಸಂಘಟನೆಯ ಕೆಲಸ.

ಭಾಷೆಯ ಅನ್ಯಾಯ ಬೇರೆ. ಭಾಷಾ ವಿಷಯಗಳನ್ನು ಬಿಟ್ಟರೆ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲಿ ಇತಿಹಾಸ, ಅರ್ಥಶಾಸ್ತ್ರ ಓದಿದ ಕೂಲಿಕಾರನ ಮಗ ಪರರ ಭಾಷೆಯಲ್ಲೇ ಪರೀಕ್ಷೆ ಎದುರಿಸಬೇಕು. ಇದು ಪ್ರತಿಭೆಯ ಪರೀಕ್ಷೆಯೋ, ಹುಟ್ಟಿನ ಪರೀಕ್ಷೆಯೋ?

ನಮ್ಮ ಬೇಡಿಕೆಗಳು ಸ್ಪಷ್ಟ. ಖಾಲಿ ಹುದ್ದೆಗಳ ಪಟ್ಟಿ ಪ್ರಕಟವಾಗಲಿ. ಕಾಯಂ ಕೆಲಸಕ್ಕೆ ಕಾಯಂ ನೇಮಕವಾಗಲಿ. ನೆಟ್ ಕನ್ನಡದಲ್ಲೂ ನಡೆಯಲಿ. ಸರ್ಕಾರ ತಾನಾಗಿ ಕೊಡುತ್ತದೆಂದು ನಾವು ಕಾಯುವುದಿಲ್ಲ. 2005ರ ಮಾಹಿತಿ ಹಕ್ಕಿನ ಕಾಯಿದೆ ಕೈಯಲ್ಲಿದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ಈ ಪಟ್ಟಿ ಕೇಳಬಹುದು. ಅರ್ಜಿ ಬರೆಯಲು ಬಾರದವರು ಸಂಜೆ ನಮ್ಮ ಕಚೇರಿಗೆ ಬನ್ನಿ, ಬರೆದುಕೊಡುತ್ತೇವೆ. ವರ್ತಕ ಮಿತ್ರರು ನೇಮಕದ ಪ್ರಕಟಣೆಗಳನ್ನು ಅಂಗಡಿಯ ಮುಂದೆ ಅಂಟಿಸಲಿ.

ಆ ತಂದೆ ದಲ್ಲಾಳಿಗೆ ಹಣ ಕೊಡಲಿಲ್ಲ. ಮಗಳು ನೆಟ್‌ಗೆ ಓದುತ್ತಿದ್ದಾಳೆ. ಅವಳು ಆ ಬಾಗಿಲನ್ನು ತಲೆಯೆತ್ತಿ ದಾಟಬೇಕು. ಅವಳ ಹಿಂದೆ ಇನ್ನೂ ನೂರು ಮಂದಿ ದಾಟಬೇಕು.