ರೇಖೆಯ ಸಂಯಮ

ಸರಳವಾದುದೆಲ್ಲವೂ ಸುಲಭವೆಂಬ ಭಾವನೆ ಲೋಕದಲ್ಲಿ ಬಹುಕಾಲದಿಂದ ಬೇರೂರಿದೆ. ಬಿಳಿಯ ಕಾಗದದ ಮೇಲೆ ಬರಿಯ ಗೆರೆಗಳನ್ನೆಳೆದ ಚಿತ್ರವನ್ನು ಕಂಡೊಡನೆ, 'ಅಳತೆಪಟ್ಟಿ ಹಿಡಿದ ಬಾಲಕನೂ ಇದನ್ನು ಬರೆಯಬಲ್ಲನು' ಎಂದು ನಗುವವರೇ ಹೆಚ್ಚು. ಈ ಮಾತು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಪರೀಕ್ಷಿಸಲು ನಸ್ರೀನ್ ಮೊಹಮ್ಮದಿಯವರ ಕೃತಿಗಳು ಒರೆಗಲ್ಲಿನಂತಿವೆ.

1937ರಲ್ಲಿ ಕರಾಚಿಯಲ್ಲಿ ಜನಿಸಿ ಮುಂಬಯಿಯಲ್ಲಿ ಬೆಳೆದ ಈ ಕಲಾವಿದೆ ಲಂಡನ್ ಮತ್ತು ಪ್ಯಾರಿಸ್ ನಗರಗಳಲ್ಲಿ ಕಲಾಭ್ಯಾಸ ಮಾಡಿ, 1972ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕಿಯಾದರು. ಅವರ ಆರಂಭದ ಚಿತ್ರಗಳಲ್ಲಿ ಕುಂಚದ ಲಾಲಿತ್ಯವಿತ್ತು, ಪ್ರಕೃತಿಯ ಛಾಯೆಯಿತ್ತು. ಕ್ರಮೇಣ ಅವೆಲ್ಲವನ್ನೂ ತೊರೆದು ಕಾಗದ, ಮಸಿ, ಸೀಸದ ಕಡ್ಡಿ, ನಕ್ಷೆಗಾರರ ಉಪಕರಣಗಳು – ಇಷ್ಟರಲ್ಲಿಯೇ ತಮ್ಮ ಕಲೆಯನ್ನು ನೆಲೆಗೊಳಿಸಿದರು. ಬಲ್ಲವರು ಬಿಟ್ಟುದಕ್ಕೂ ಅರಿಯದವರು ಬರೆಯದುದಕ್ಕೂ ಇರುವ ಅಂತರವನ್ನು ಇಲ್ಲಿ ಮನಗಾಣಬೇಕು.

ತೈಲವರ್ಣದಲ್ಲಿ ತಪ್ಪಿದರೆ ಅದರ ಮೇಲೆ ಮತ್ತೊಂದು ಲೇಪವನ್ನು ಬಳಿಯಬಹುದು. ಕಾಗದದ ಮೇಲಣ ಮಸಿಗೆರೆಗೆ ಅಂತಹ ಕ್ಷಮೆಯಿಲ್ಲ. ನೂರು ಗೆರೆಗಳನ್ನು ಸಮವಾಗಿ ಎಳೆದ ಮೇಲೆ ಒಂದು ನಡುಗಿದರೆ ಸಾಕು, ಇಡೀ ಹಾಳೆಯ ಶ್ರುತಿ ಕೆಡುತ್ತದೆ. ಗೆರೆ ಒಂದೆಡೆ ದಟ್ಟವಾಗಿ, ಇನ್ನೊಂದೆಡೆ ವಿರಳವಾಗಿ, ಕೊನೆಯಲ್ಲಿ ಕಾಣದಂತೆ ಕರಗಿದಾಗ ಚಪ್ಪಟೆಯಾದ ಕಾಗದವೇ ಆಳವನ್ನೂ ಚಲನೆಯನ್ನೂ ಪಡೆಯುತ್ತದೆ. ನರಸಂಬಂಧಿಯಾದ ವ್ಯಾಧಿಯಿಂದ ಕೈಯ ಹಿಡಿತ ಸಡಿಲುತ್ತಿದ್ದಾಗಲೂ ಆಕೆ ಇಂತಹ ನಿಖರತೆಯನ್ನು ಸಾಧಿಸಿದರೆಂಬುದನ್ನು ನೆನೆದರೆ, 'ಬಾಲಕನೂ ಬರೆಯಬಲ್ಲನು' ಎಂಬ ಮಾತು ತಾನಾಗಿ ಅಡಗುತ್ತದೆ.

ಆಕಾರವನ್ನು ಬಿಟ್ಟ ಕಲೆ ಲೋಕಕ್ಕೆ ವಿಮುಖವಾಯಿತೆಂಬ ಆಕ್ಷೇಪವೂ ಉಂಟು. ಆದರೆ ಆಕೆಯ ಛಾಯಾಚಿತ್ರಗಳನ್ನು ನೋಡಿದವರಿಗೆ ಮಗ್ಗದ ನೂಲು, ಕಡಲ ತೀರ, ಫತೇಪುರ ಸಿಕ್ರಿಯ ಕಲ್ಲುಹಾಸು ಇವುಗಳಲ್ಲಿ ಆಕೆಯ ಕಣ್ಣು ಗೆರೆಗಳನ್ನೇ ಅರಸಿದ್ದು ತಿಳಿಯುತ್ತದೆ. ಲೋಕವನ್ನು ನಿಟ್ಟಿಸಿ ನೋಡಿದವರೇ ಅದರ ಸಾರವನ್ನು ಹೀಗೆ ಹಿಡಿದಿಡಬಲ್ಲರು.

ಬಹುಪಾಲು ಕೃತಿಗಳಿಗೆ ಆಕೆ ಹೆಸರಿಡಲಿಲ್ಲ, ಕಾಲವನ್ನೂ ನಮೂದಿಸಲಿಲ್ಲ. ಹೆಸರಿನ ಊರುಗೋಲಿಲ್ಲದೆ ನೋಡುವ ಹೊಣೆ ಆದುದರಿಂದ ನೋಡುಗನ ಮೇಲೆಯೇ ಬೀಳುತ್ತದೆ. ಅಚ್ಚಿನ ಪುಟದಲ್ಲಿ ಈ ನವಿರಾದ ಗೆರೆಗಳು ಅರ್ಧಕ್ಕರ್ಧ ಅಳಿಸಿಹೋಗುವುದರಿಂದ, ಮೂಲದೆದುರು ನಿಲ್ಲದೆ ತೀರ್ಪು ನೀಡುವುದು ನ್ಯಾಯವಲ್ಲ.

1990ರಲ್ಲಿ ಕಿಹಿಮ್ ಎಂಬ ಕಡಲತೀರದ ಊರಿನಲ್ಲಿ ಅವರು ತೀರಿಕೊಂಡರು. 2016ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವು ಮೆಟ್ ಬ್ರಾಯರ್ ಎಂಬ ಶಾಖೆಯನ್ನು ತೆರೆದಾಗ ಏರ್ಪಡಿಸಿದ ಮೊದಲ ಪ್ರದರ್ಶನಗಳಲ್ಲಿ ಅವರದೂ ಒಂದು. ಆ ಮನ್ನಣೆಗಿಂತಲೂ ವಿದ್ಯಾರ್ಥಿಗಳಾದವರು ಗಮನಿಸಬೇಕಾದುದು ಆಕೆಯ ಗೆರೆಯ ಹಿಂದಿನ ತಾಳ್ಮೆಯನ್ನು. ಹೆಚ್ಚು ಹೇಳುವುದು ಬಲ್ಮೆಯ ಗುರುತೆಂದು ತಿಳಿದಿರುವ ಕಾಲದಲ್ಲಿ, ಎಷ್ಟನ್ನು ಬಿಡಬೇಕೆಂಬುದನ್ನು ಕಲಿಯುವುದೂ ವಿದ್ಯೆಯೇ ಸರಿ.